ಇಲ್ಲದ ಮನೆಯ ಹಂಚಿಕೆ

"ಎರಡು ಬೆಡ್‌ರೂಮಿನ ಮನಿ ಸಿಕ್ರ ಯಾವ ರೂಮಿನಾಗ ಯಾರು ಇರ್ತೀರಿ?" ಎಂದು ಅನುರಾಧಾ ಕೇಳಿದ್ದೇ ತಡ, ಶಿವಶರಣಪ್ಪ ಲುಂಗಿ ಸರಿಮಾಡಿಕೊಂಡು ನೆಟ್ಟಗೆ ಕೂತ. ರವಿವಾರದ ಮಧ್ಯಾಹ್ನ, ಫ್ಯಾಕ್ಟರಿಗೆ ರಜೆ. ತೆಲುಗು ಸೀಮೆಯ ಜೀಡಿಮೆಟ್ಲಾದಲ್ಲಿ, ಕನ್ನಡದ ಕೂಲಿಗಳೇ ತುಂಬಿದ್ದ ಆ ಓಣಿಯಲ್ಲಿ ಅವನಿಗಿದ್ದದ್ದು ತಗಡಿನ ಮಾಡಿನ ಒಂದೇ ಕೋಣೆ. ಅವನು, ಹೆಂಡತಿ ಅನ್ನಮ್ಮ, ಮೂರು ಮಕ್ಕಳು, ತಾಯಿ ಸುಗಲಮ್ಮ ಹೀಗೆ ಆರು ಜನ ಒಂಬತ್ತು ವರ್ಷದಿಂದ ಅದರಲ್ಲೇ ಹಿಡಿಸಿದ್ದರು.

"ಮನಿ ಯಾರೂ ಕೊಡಾಕತ್ತಿಲ್ರಿ ಅಣ್ಣಾರ," ಎಂದು ಅನುರಾಧಾ ಮೂರನೆಯ ಸಲ ಹೇಳಿದಳು. ಬೀದರ್ ಕಡೆಯ ಹುಡುಗಿ. ಕನ್ನಡ ಬರುತ್ತದೆಂದು ಸಂಶೋಧನಾ ಸಂಸ್ಥೆಯವರು ಅವಳ ಕೈಗೊಂದು ಟ್ಯಾಬ್ ಕೊಟ್ಟು ಈ ಓಣಿಗೆ ಅಟ್ಟಿದ್ದರು. "ಮಂದಿಗೆ ಎಂಥಾ ಮನಿ ಇಷ್ಟ ಅಂತ ಬರಕೊಳ್ಳೂದಷ್ಟ ನಮ್ಮ ಕೆಲಸ."

"ಗೊತ್ತೈತಿ ಬಿಡ್ರಿ ಮೇಡಂ," ಎಂದ ಶಿವಶರಣಪ್ಪ. ಅವನಿಗೇನೂ ಗೊತ್ತಾಗಿರಲಿಲ್ಲ. ಆಗಲೇ ಆ ಮನೆಯ ಗೃಹಪ್ರವೇಶ ಮುಗಿಸಿಬಿಟ್ಟಿದ್ದ. "ದೊಡ್ಡ ರೂಮು ನಮಗಿಬ್ಬರಿಗೆ. ಸಣ್ಣದು ಹುಡುಗರಿಗೆ, ಓದಾಕ."

"ಬಾಲ್ಕನಿ ನನಗ," ಅನ್ನಮ್ಮ ಒಲೆಯ ಮುಂದಿನಿಂದಲೇ ಕೂಗಿದಳು. "ವಾಷಿಂಗ್ ಮಷೀನ್ ಅಲ್ಲೇ ಇಡಾಕಿ ನಾ."

"ಯಾವ ಮಷೀನು?"

"ತರಾಂಗಿಲ್ಲೇನು ಹಂಗಾರ? ಅಷ್ಟು ದೊಡ್ಡ ಮನಿಗೆ ಹೋಗಿ ಕೈಲೇ ಒಗೀಲೇನು?"

ಇಲ್ಲದ ಬಾಲ್ಕನಿಯಲ್ಲಿ ಇಲ್ಲದ ಮಷೀನು ಕೂತಿತು. ಹಾಲಿಗೆ ಸೋಫಾ ಬಂತು. ಅದರ ಬಣ್ಣಕ್ಕೆ ಗಂಡ ಹೆಂಡತಿ ನಡುವೆ ಸಣ್ಣ ಜಗಳವೂ ಆಗಿ, ಕೊನೆಗೆ ಮರೂನ್‌ಗೆ ರಾಜಿಯಾಯಿತು. ಆಹಾ, ಎಂಥ ಹೊಂದಾಣಿಕೆಯ ಸಂಸಾರ! ಅನುರಾಧಾ ಎಲ್ಲವನ್ನೂ ತುಂಬಿ ಮುಂದಿನ ಪುಟಕ್ಕೆಂದು ಬೆರಳೊತ್ತಿದಳು. ಟ್ಯಾಬ್ ಜಪ್ಪಯ್ಯ ಅನ್ನಲಿಲ್ಲ.

"ಅಣ್ಣಾರ, ಮನ್ಯಾಗ ಆರು ಮಂದಿ ಅಂತ ಬರಸೀರಿ. ಇಲ್ಲಿ ಐದು ಮಂದಿಗಷ್ಟ ಜಾಗ ಆಗೈತಿ. ಇನ್ನೊಬ್ಬರದು ಹೇಳಲಿಲ್ಲಂದ್ರ ಇದು ಮುಂದ ಹೋಗಾಕ ಬಿಡೂದಿಲ್ಲ."

ಬಾಗಿಲ ಬಳಿ ಮೆಂತ್ಯಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದ ಸುಗಲಮ್ಮನ ಕೈ ನಿಂತಿತು.

"ಅವ್ವ..." ಶಿವಶರಣಪ್ಪ ತಲೆ ಕೆರೆದುಕೊಂಡ. "ಹುಡುಗರ ರೂಮಿನಾಗ ಬ್ಯಾಡ. ಭಾಳ ಕೆಮ್ಮತಾಳ, ಅವರ ಓದು ಕೆಡತೈತಿ."

"ಹಾಲಿನ್ಯಾಗೂ ಬ್ಯಾಡ ನೋಡ್ರಿ," ಎಂದಳು ಅನ್ನಮ್ಮ. "ನಾಕು ಮಂದಿ ಬಂದು ಹೋಗೂ ಜಾಗ. ಸೋಫಾದ ಮುಂದ ಹಾಸಿಗಿ ಹಾಸಿದ್ರ ಏನು ಚಂದ?"

"ಬಾಲ್ಕನಿ?" ಎಂದ ಶಿವಶರಣಪ್ಪ.

"ಮಷೀನ್ ಎಲ್ಲಿ ಇಡ್ಲಿ?"

ಅದೇ ಕೆಮ್ಮಿನ ಪಕ್ಕದಲ್ಲಿ ಕೂತು ಮೂರೂ ಮಕ್ಕಳು ಪ್ರತಿವರ್ಷ ಪಾಸಾಗುತ್ತಿದ್ದರು. ಆದರೆ ಅದು ತಗಡಿನ ಮನೆಯ ಮಾತು. ಡಬಲ್ ಬೆಡ್‌ರೂಮಿನ ಮರ್ಯಾದೆಯೇ ಬೇರೆ. ಅನುರಾಧಾಳಿಗೆ ಎದ್ದು ಹೋಗಿಬಿಡಬೇಕೆನಿಸಿತು. ಅರ್ಧ ತುಂಬಿದ ಫಾರ್ಮನ್ನು ಸಂಸ್ಥೆಯವರು ಒಪ್ಪುವುದಿಲ್ಲವಲ್ಲ, ಕೂತೇ ಇದ್ದಳು.

ಕಡೆಗೆ ಶಿವಶರಣಪ್ಪನೇ ದೊಡ್ಡ ಮನಸ್ಸು ಮಾಡಿದ. "ಅದರಾಗೇನೈತ್ರಿ, ಮನ್ಯಾಗ ಐದ ಮಂದಿ ಅಂತ ತಿದ್ದಿಬಿಡ್ರಿ. ಹೆಂಗೂ ಖರೇ ಮನಿ ಅಲ್ಲಲ್ಲ."

"ತಿದ್ದಿಬಿಡು ಯವ್ವಾ," ಎಂದಳು ಸುಗಲಮ್ಮ, ಮಗನ ಕಡೆ ನೋಡದೆ. "ನಿನ್ನ ಕೆಲಸ ಯಾಕ ನಿಲ್ಲಬೇಕು?"

ಅನುರಾಧಾ ಆರನ್ನು ಐದು ಮಾಡಿದಳು. ಟ್ಯಾಬ್‌ಗೆ ಸಮಾಧಾನವಾಗಿ ಕೊನೆಯ ಪ್ರಶ್ನೆ ಬಂತು. ಅವಳು ತಲೆಯೆತ್ತದೆ ಓದಿದಳು. "ಈಗ ಇರೂ ಮನ್ಯಾಗ ಎಲ್ಲಾರಿಗೂ ಸಾಕಷ್ಟು ಜಾಗ ಐತೇನ್ರಿ?"

ಸುಗಲಮ್ಮ ಸೀರೆಗೆ ಅಂಟಿದ ಎಲೆಗಳನ್ನು ಕೊಡವಿಕೊಂಡು ಎದ್ದಳು.

"ಮುಂಜಾನಿ ತನಕ ಇತ್ತವ್ವಾ," ಎಂದಳು.