ಕಾರಣ ತಿಳಿಯದು

ನೂರ ಹದಿನೇಳನೆಯ ಕಡತದ ನಾಲ್ಕನೆಯ ಹಾಳೆಯಲ್ಲಿ ಸಂಶೋಧಕಿಯ ಲೇಖನಿ ನಿಂತಿತು. ನಿಯಮದಂತೆ ರೋಗಿಯ ಹೆಸರಿನ ಮೇಲೆ ಮಸಿ ಬಳಿದಿದ್ದರು. ವೃತ್ತಿಯನ್ನು ಮಾತ್ರ ಯಾರೂ ಅಳಿಸಿರಲಿಲ್ಲ. ‘ಅಂಗಡಿಗಳ ನಾಮಫಲಕ ಬರೆಯುವವನು. ಅಕ್ಕನ ಮನೆಯಲ್ಲಿ ವಾಸ. ಉನ್ಮಾದ ಏರಿದಾಗ ಬೀದಿಯ ಬಾಗಿಲುಗಳಿಗೆಲ್ಲ ಒಂದೇ ಹಗಲಿನಲ್ಲಿ ಹಳದಿ ಬಣ್ಣ ಹಚ್ಚಿದ.’ ಆ ಹಳದಿ ಬಾಗಿಲುಗಳ ನಡುವೆಯೇ ಅವಳು ಆಡಿ ಬೆಳೆದದ್ದು.

ಉನ್ಮಾದಕ್ಕೆ ಕೊಡುವ ಲಿಥಿಯಂ ಮಾತ್ರೆ ಒಬ್ಬರ ಮನಸ್ಸನ್ನು ದಡ ಸೇರಿಸುತ್ತದೆ, ಮತ್ತೊಬ್ಬರನ್ನು ಮುಟ್ಟುವುದೂ ಇಲ್ಲ. ಈ ಭೇದದ ಮೂಲ ವಂಶವಾಹಿಗಳಲ್ಲಿದೆಯೇ ಎಂಬುದು ಅವಳ ಶೋಧನೆ. ಅದಕ್ಕಾಗಿ, ರಕ್ತದ ಮಾದರಿ ಕೊಟ್ಟವರ ಹಳೆಯ ಕಡತಗಳನ್ನು ಇಬ್ಬರು ಬೇರೆಬೇರೆಯಾಗಿ ಓದಿ, ಔಷಧ ಎಷ್ಟು ಫಲಿಸಿತೆಂದು ಹತ್ತಕ್ಕೆ ಅಂಕ ಕೊಡುತ್ತಿದ್ದರು. ಪಕ್ಕದ ಕುರ್ಚಿಯ ಹಿರಿಯ ವೈದ್ಯರಿಗೆ ಅವಳದು ಬಲು ಬಿಗಿಗೈ ಎಂಬ ದೂರು.

ಕಡತದ ಪ್ರಕಾರ ಮೂರು ವರ್ಷ ರೋಗ ತಲೆಯೆತ್ತಿರಲಿಲ್ಲ. ಆಮೇಲೆ ಒಂದು ಸಾಲು: ‘ತಾನಾಗಿಯೇ ಮಾತ್ರೆ ಬಿಟ್ಟ. ಕಾರಣ ತಿಳಿಯದು.’ ಮುಂದಿನ ಹಾಳೆಯಲ್ಲಿ ಮತ್ತೆ ಆಸ್ಪತ್ರೆ. ಮಾತ್ರೆ ಬಿಟ್ಟದ್ದರಿಂದ ರೋಗ ಮರಳಿತೋ, ರೋಗ ಮರಳಿದ್ದರಿಂದ ಮಾತ್ರೆ ಬಿಟ್ಟನೋ? ಅದು ತಿಳಿಯದಿದ್ದರೆ ಅಂಕ ಅರ್ಧಕ್ಕಿಳಿಯುತ್ತದೆ. ಔಷಧ ಫಲಿಸದವರ ಸಾಲಿಗೆ ಇವನೂ ಸೇರುತ್ತಾನೆ.

“ಸರ್, ಇದಕ್ಕೆ ನಾನು ಅಂಕ ಕೊಡೋ ಹಾಗಿಲ್ಲ.”

“ಯಾಕಮ್ಮ, ಸೊನ್ನೆ ಕೊಡೋಕೂ ಮನಸ್ಸು ಬರ್ತಿಲ್ವಾ?”

“ನಮ್ಮ ಸೋದರಮಾವ. ಕಾರಣ ನನಗೆ ಗೊತ್ತು.”

ವೈದ್ಯರು ಕನ್ನಡಕ ತೆಗೆದಿಟ್ಟರು. ಅವಳು ತಡವರಿಸುತ್ತ ಹೇಳಿದಳು. ಮಾತ್ರೆ ನುಂಗತೊಡಗಿದ ಮೇಲೆ ಮಾವನ ಕೈ ಸಣ್ಣಗೆ ನಡುಗುತ್ತಿತ್ತು. ಅಕ್ಷರಗಳನ್ನು ಜತೆಗಾರನಿಗೆ ಬಿಟ್ಟು, ತಾನು ಫಲಕಕ್ಕೆ ಹಿನ್ನೆಲೆಯ ಬಣ್ಣವನ್ನಷ್ಟೇ ಬಳಿಯುತ್ತಿದ್ದ. ಎಂಟು ವರ್ಷದ ಇವಳು ಶಾಲೆಯ ಹೊಸ ಪೆಟ್ಟಿಗೆಯ ಮೇಲೆ ಅವನೇ ಹೆಸರು ಬರೆಯಬೇಕೆಂದು ಹಟ ಹಿಡಿದಳು. ಬರೆದ, ಗೆರೆಗಳೆಲ್ಲ ಅಲೆಯಲೆಯಾದವು. “ಮಾವ, ನನ್ನ ಹೆಸರಿಗೆ ಚಳಿ ಆಗ್ತಿದೆ” ಎಂದು ಇವಳು ಕೈತಟ್ಟಿ ನಕ್ಕಳು. ಅವನೂ ನಕ್ಕ. ಮರುದಿನದಿಂದ ಅವನ ಮಾತ್ರೆ ಹೂಕುಂಡದ ಮಣ್ಣು ಸೇರಿತು. ಅಮ್ಮನಿಗೆ ಹೇಳಬಾರದೆಂದು ಇವಳಿಂದ ಭಾಷೆ ತೆಗೆದುಕೊಂಡ. ಮೂರನೆಯ ವಾರ ಹೆಸರನ್ನು ಮುತ್ತಿನಂತೆ ಬರೆದುಕೊಟ್ಟ. ಆರನೆಯ ವಾರ ಆಸ್ಪತ್ರೆಯ ಗಾಡಿ ಬಂತು. ಔಷಧವೇ ಕೈಕೊಟ್ಟಿತೆಂದು ಅಮ್ಮ ಕೊನೆಯವರೆಗೂ ನಂಬಿದ್ದಳು. ಅಂತರ್ಯಾಮಿಗಲ್ಲದೆ ಬೇರಾರಿಗೂ ಇವಳು ಈ ಮಾತನ್ನು ಒಪ್ಪಿಸಿರಲಿಲ್ಲ.

ವೈದ್ಯರು ಮೇಜಿನ ಆಚೆಯ ಕುರ್ಚಿ ತೋರಿಸಿದರು. “ಅಲ್ಲಿ ಕೂತ್ಕೊಳ್ಳಿ. ಮನೆಯವರ ಹೇಳಿಕೆ ಅಂದ್ರೆ ಮನೆಯವರಾಗಿಯೇ ಹೇಳ್ಬೇಕು.”

ಹದಿನೈದು ವರ್ಷಗಳಿಂದ ತಾನು ಎಷ್ಟೋ ರೋಗಿಗಳ ಮನೆಯವರನ್ನು ಕೂರಿಸಿದ್ದ ಆ ಕುರ್ಚಿಯಲ್ಲಿ ಅವಳು ಮೊದಲ ಬಾರಿಗೆ ಕುಳಿತಳು. ಅವರು ಸಂಬಂಧ ಕೇಳಿದರು, ಆಗಿನ ವಯಸ್ಸು ಕೇಳಿದರು, ಮೊದಲು ಮಾತ್ರೆ ನಿಂತು ಆಮೇಲೆ ರೋಗ ಬಂದದ್ದನ್ನು ಬರೆದುಕೊಂಡರು. ಕಡೆಗೆ, ಎಲ್ಲರನ್ನೂ ಕೇಳುವ ಅದೇ ದನಿಯಲ್ಲಿ, “ಮಾತ್ರೆ ತಗೊಳ್ತಿದ್ದಾಗ ಹೇಗಿದ್ರು?” ಎಂದರು.

ಮೂವತ್ತು ವರ್ಷ ತನ್ನ ಆ ಒಂದು ನಗೆಯನ್ನೇ ಎದೆಯಲ್ಲಿ ಹೊತ್ತು ತಿರುಗಿದವಳಿಗೆ, ಅದಕ್ಕೂ ಹಿಂದೆ ಮೂರು ವರ್ಷಗಳಿದ್ದವೆಂಬುದು ಆಗ ನೆನಪಾಯಿತು.

“ದಿನಾ ಬೆಳಿಗ್ಗೆ ನನಗೆ ಜಡೆ ಹಾಕ್ತಿದ್ದದ್ದು ಅವರೇ” ಎಂದಳು. “ಕೈ ನಡುಗ್ತಾನೇ ಇರ್ತಿತ್ತು. ಸಂಜೆವರೆಗೂ ಒಂದೆಳೆ ಬಿಚ್ಕೊಳ್ತಿರಲಿಲ್ಲ.”