ಕತ್ತಲ ನಳಿಗೆ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಇಂದಿಗೂ ನನ್ನ ಬಲಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

ನಿಜಾಮರ ಕಾಲ. ತೋಟದಲ್ಲಿ ಡಬ್ಬಿಗಳಿಗೆ ಗುರಿಯಿಟ್ಟು ಹೊಡೆಯಲು ಅಪ್ಪನಿಗೊಂದು ಸಣ್ಣ ಗುಂಡಿನ ಬಂದೂಕು ಬೇಕಿತ್ತು. ಕಮಲಾಪುರದಿಂದ ನನ್ನನ್ನೂ ಬಂಡಿಯಲ್ಲಿ ಕೂರಿಸಿಕೊಂಡು ಕಲಬುರಗಿಯ ಬಂದೂಕಿನ ಅಂಗಡಿಗೆ ಬಂದರು. ಅಲ್ಲೆಲ್ಲ ಇದೇ ಎಣ್ಣೆಯ ವಾಸನೆ.

“ನಿಶಾನಿ ಆಟಕ್ಕ ಇದ ಛಲೋ ರೀ, ಹಗುರ ಅದ,” ಎನ್ನುತ್ತ ಅಂಗಡಿಯ ಚಾಚಾ ಒಂದರ ಹಿಂಬದಿಯ ಅಗುಳಿಯಂಥ ಬೋಲ್ಟು ತೆಗೆದು ಕೊಟ್ಟರು.

“ಒಳಗ ಜಂಗ ಹಿಡದದೇನು ನೋಡವ್ವಾ, ನಿನ್ನ ಕಣ್ಣ ಚುರುಕ ಅವ,” ಅಂದರು ಅಪ್ಪ.

ನಳಿಗೆಯ ಬಾಯಿಗೆ ಕಣ್ಣಿಟ್ಟೆ. ತುಕ್ಕು ಕಾಣಲಿಲ್ಲ; ಆಚೆ ತುದಿಯಲ್ಲಿ ಬೆಳಕು ದುಂಡಗೆ ಹೊಳೆಯಿತು. ಗೋಡೆಗೆ ಒರಗಿಸಿದ್ದ ಇನ್ನೊಂದು ಬಂದೂಕನ್ನು ಅಪ್ಪ ತಾವೇ ಎತ್ತಿ, ಬೋಲ್ಟು ತೆಗೆಯದೆ ನನ್ನ ಕಣ್ಣಿಗೆ ಹಿಡಿದರು.

“ಇದ್ರಾಗ ಬರೇ ಕತ್ತಲ ಅದ, ಅಪ್ಪಾ.”

“ಕಣ್ಣ ಒತ್ತಿ ನೋಡ!”

ಒತ್ತಿದೆ. ತಣ್ಣನೆಯ ಕಬ್ಬಿಣ ರೆಪ್ಪೆಗೆ ತಾಗಿತು.

“ಯಾ ಅಲ್ಲಾ! ಅದು ರಿಪೇರಿಗೆ ಬಂದದ್ದ ರೀ!” ಚಾಚಾ ಬಂದೂಕು ಕಸಿದು ಬೋಲ್ಟು ಎಳೆದರು. ಗುಂಡು ತುಂಬಿದ್ದ ಹಿತ್ತಾಳೆಯ ತೋಟಾ ಒಂದು ಒಳಗಿನಿಂದ ಜಿಗಿದು ಜಮಖಾನದ ಮೇಲೆ ಉರುಳಿತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

ಅಪ್ಪ ಹಗುರದ್ದನ್ನೇ ಕೊಂಡರು. ಬಂಡಿಯಲ್ಲಿ, “ನಿಮ್ಮವ್ವಗ ಹೇಳಬ್ಯಾಡವ್ವಾ,” ಅಂದರು. ಹೊಸ ಬಂದೂಕು ಅವರ ಕಾಲ ಬಳಿ ಬಿದ್ದಿತ್ತು. ಕಮಲಾಪುರ ಬರುವವರೆಗೂ ಅವರ ಅಂಗೈ ನನ್ನ ಬಲಗಣ್ಣಿನ ಮೇಲೆಯೇ ಇತ್ತು.