ಹದಿನೇಳು ಪದಗಳ ಪತ್ರ

ವೃದ್ಧಾಶ್ರಮದ ಮ್ಯಾನೇಜರ್ ಪತ್ರವನ್ನು ಓದಿ ವಾಪಸ್ಸು ಕೊಟ್ಟುಬಿಟ್ಟಿದ್ದ. ಮೂರು ವರ್ಷದಲ್ಲಿ ಹದಿನೇಳು ಕೆಲಸ ಬದಲಾಯಿಸಿದವಳು ತಮ್ಮಲ್ಲಿ ಮೂರು ತಿಂಗಳಾದರೂ ನಿಲ್ಲುತ್ತಾಳೆಂದು ನಂಬುವುದು ಹೇಗೆ ಎಂಬುದು ಅವನ ಪ್ರಶ್ನೆ. ಸಂಜೆ ಐದರೊಳಗೆ ನೆಟ್ಟಗಿನ ಪತ್ರ ತಂದರೆ ಸರಿ, ಇಲ್ಲದಿದ್ದರೆ ಆಯಾ ಕೆಲಸ ಪಟ್ಟಿಯಲ್ಲಿ ಮುಂದಿರುವವಳಿಗೆ. ಆಕೆ ಬಿಸಿಲಲ್ಲಿ ನಾಲ್ಕು ಬೀದಿ ದಾಟಿ, ತಾನು ನೋಡಿಕೊಳ್ಳುವ ಅಜ್ಜನ ಮನೆಗೆ ಮರಳುವಷ್ಟರಲ್ಲಿ ಗಂಟೆ ಮೂರಾಗಿತ್ತು, ತಲೆಯೂ ಕಾದಿತ್ತು.

ಮ್ಯಾನೇಜರನನ್ನು ಬೈದು ಪ್ರಯೋಜನವಿರಲಿಲ್ಲ. ನಲವತ್ತು ವರ್ಷ ನಿಘಂಟಿನ ಕಚೇರಿಯಲ್ಲಿ ಕೂತು ಕಣ್ಣು ಸವೆಸಿದವರ ಕೈಲಿ ಅನುಭವದ ಪತ್ರ ಬರೆಸಿಕೊಂಡರೆ ಇನ್ನೇನಾದೀತು? 'ಈಕೆ ಮೂರು ವರ್ಷ ನನ್ನ ಬಳಿ' ಎಂದು ಶುರುಮಾಡಿದ ಅಜ್ಜ ಆಯಾ, ದಾದಿ, ಶುಶ್ರೂಷಕಿ, ಪರಿಚಾರಿಕೆ, ಸಹಾಯಕಿ, ಪಾಲಕಿ, ಪೋಷಕಿ, ಉಸ್ತುವಾರಿ, ಮೇಲ್ವಿಚಾರಕಿ, ಕಾವಲುಗಾರ್ತಿ ಎಂದೆಲ್ಲ ಪುಟದ ತುದಿಯವರೆಗೆ ಹದಿನೇಳು ಪದಗಳನ್ನು ಇಳಿಸಿ, ಒಂದೊಂದರ ಮುಂದೆಯೂ ಅರ್ಥದ ಕೂದಲು ಸೀಳಿದ್ದ. ಇದಕ್ಕೆ ಆರು ದಿನ ಹಿಡಿದಿತ್ತು. ಬೀದಿಯವರೆಲ್ಲ ಅವನನ್ನು ನಿಘಂಟಜ್ಜ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಜ್ಜನ ತಂಗಿ ಸಂಗತಿ ಕೇಳಿ ನಕ್ಕು ನಕ್ಕು ದಾರ ಹರಿದುಕೊಂಡಳು. ಆಕೆಯನ್ನು ಕೆಲಸಕ್ಕೆ ಇಟ್ಟವಳೇ ಈ ತಂಗಿ. ಇಲ್ಲಿ ರಾತ್ರಿ ಎಂಟರವರೆಗೆ ದುಡಿದು ಆಕೆ ಮನೆ ಸೇರುವಾಗ ಆಕೆಯ ಮಗಳು ಪುಸ್ತಕದ ಮೇಲೇ ಮಲಗಿರುತ್ತಾಳೆ, ವೃದ್ಧಾಶ್ರಮದಲ್ಲಾದರೆ ನಾಲ್ಕಕ್ಕೇ ಬಿಡುಗಡೆ ಎಂದು ತಿಳಿದಾಗ, ಹೋಗಿ ಬಾ ಎಂದು ಮೊದಲು ಹೇಳಿದವಳೂ ಅವಳೇ. ಸೋಮವಾರದಿಂದ ಬೇರೊಬ್ಬಳನ್ನು ಗೊತ್ತುಮಾಡಿಯೂ ಆಗಿತ್ತು. ಒಂದು ಸಾಲು ಗೀಚಿ ಸಹಿ ಹಾಕುವುದಕ್ಕೆ ಇಷ್ಟು ಪುರಾಣ ಯಾಕೆ ಎಂದು ಅವಳು ಅಲ್ಲಿಂದಲೇ ಅಣ್ಣನನ್ನು ಕಿಚಾಯಿಸಿದಳು.

ಮಂಡಿ ಕೈಕೊಟ್ಟಂದಿನಿಂದ ಅಜ್ಜನ ಠಾಣೆ ಕಿಟಕಿ ಪಕ್ಕದ ಕುರ್ಚಿ. ಆಕೆ ಪತ್ರವನ್ನು ಅವನ ತೊಡೆಯ ಮೇಲಿಟ್ಟು, ಹದಿನೇಳರಲ್ಲಿ ಯಾವುದಾದರೂ ಒಂದನ್ನು ಆರಿಸಿ ಎಂದಳು. ಅಜ್ಜ ಕನ್ನಡಕ ಏರಿಸಿಕೊಂಡು, ಒಂದನ್ನೇ ಬರೆದರೆ ಅದು ಸುಳ್ಳು ಸಾಕ್ಷಿಯಾಗುತ್ತದೆ ಎಂದ. ದಾದಿ ಎಂದರೆ ಸೂಜಿ ಚುಚ್ಚಬೇಕು, ಆಕೆ ಚುಚ್ಚುವುದು ಮಾತಿನಲ್ಲಿ ಮಾತ್ರ. ಪರಿಚಾರಿಕೆ ಎಂದರೆ ಹೇಳಿದ ಮಾತು ಕೇಳಬೇಕು, ಆಕೆ ಯಾವ ಕಾಲಕ್ಕೆ ಕೇಳಿದ್ದಾಳೆ? ಕಾವಲುಗಾರ್ತಿ ಎಂಬುದು ಸಕ್ಕರೆ ಡಬ್ಬಿಯ ಮಟ್ಟಿಗೆ ಸರಿ, ಉಳಿದದ್ದಕ್ಕೆ ಹೊಂದುವುದಿಲ್ಲ.

"ಹಾಗಾದ್ರೆ ಮೇಲ್ವಿಚಾರಕಿ ಅಂತ ಹಾಕಿ. ಸಂಬಳನಾದ್ರೂ ಜಾಸ್ತಿ ಕೊಡ್ತಾರೆ."

"ಮೇಲ್ವಿಚಾರಕಿ ನಿಂತು ನೋಡ್ತಾಳೆ," ಎಂದ ಅಜ್ಜ. "ನೀನು ನೆಲದ ಮೇಲೆ ಕೂತು ನನಗೆ ಕಾಲುಚೀಲ ಹಾಕ್ತೀಯ."

ಗಂಟೆ ಮೂರೂವರೆ. ಅಜ್ಜನ ಪಟ್ಟು ಸಡಿಲವಾಗುವ ಲಕ್ಷಣ ಕಾಣಲಿಲ್ಲ. ಆಕೆಗೆ ಸಾಕುಸಾಕಾಗಿ ಹೋಯಿತು. ಬರಿಯ ಬೇಸರಕ್ಕೆ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ಬಿಡಿ ಅಜ್ಜ, ಆ ಕೆಲಸ ನನ್ನ ಹಣೇಲಿ ಬರೆದಿಲ್ಲ. ಇಲ್ಲೇ ಇದ್ದುಬಿಡ್ತೀನಿ."

ಅಜ್ಜನ ಮುಖ ಅರಳಿದ ರೀತಿ ನೋಡಬೇಕಿತ್ತು. ಪರೀಕ್ಷೆ ಮುಂದಕ್ಕೆ ಹೋಯಿತೆಂದು ಕೇಳಿದ ಹುಡುಗನ ಮುಖವೂ ಅಷ್ಟು ಅರಳಿರಲಾರದು. ಅರಳಿದ್ದನ್ನು ಆಕೆ ಕಂಡಳು. ಆಕೆ ಕಂಡದ್ದನ್ನು ಅಜ್ಜನೂ ಕಂಡ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಕೂಡ ನಿಂತಿತು.

ಅಜ್ಜನ ಕಿವಿ ಕೆಂಪಾಯಿತು. ಹೊಸ ಹಾಳೆ ಕೇಳಿ ತೆಗೆದುಕೊಂಡ. 'ಈಕೆ ಮೂರು ವರ್ಷ ನನ್ನ ಬಳಿ ಆಯಾ ಆಗಿ ಕೆಲಸ ಮಾಡಿದ್ದಾಳೆ. ನಂಬಿಕಸ್ಥಳು.' ಕೆಳಗೆ ಸಹಿ, ತಾರೀಖು. ಅರ್ಧ ನಿಮಿಷದ ಕೆಲಸ.

"ಇಷ್ಟಕ್ಕೆ ಆರು ದಿನ ಅಲೆಸಿದ್ರಾ?"

"ಪದ ಮೊದಲ ದಿನಾನೇ ಸಿಕ್ಕಿತ್ತು," ಎಂದ ಅಜ್ಜ, ಕಿಟಕಿಯ ಕಡೆ ನೋಡುತ್ತ. "ಕೊಡೋಕೆ ಮನಸ್ಸು ಬರ್ಲಿಲ್ಲ."

ಆಕೆಗೆ ಕೆಟ್ಟ ಸಿಟ್ಟು ಬಂತು. ಅದರ ಹಿಂದೆಯೇ ಅಳುವೂ ಬಂತು. ಎರಡರಲ್ಲಿ ಯಾವುದಕ್ಕೂ ಪುರುಸೊತ್ತಿಲ್ಲದ್ದರಿಂದ ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡು, ಅಜ್ಜನ ನೀರಿನ ಲೋಟ ಕೈಗೆಟುಕುವಂತೆ ಸರಿಸಿಟ್ಟು, ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದಳು.

ಅಜ್ಜನಿಗೆ ಆಕೆಯನ್ನು ಇನ್ನೊಂದು ನಿಮಿಷ ನಿಲ್ಲಿಸಿಕೊಳ್ಳುವ ಆಸೆ. ನೋಡಿಕೊಳ್ಳುವವರಿಗೆ ಹದಿನೇಳು ಪದ ಸಿಕ್ಕಿತು, ನೋಡಿಸಿಕೊಳ್ಳುವವನಿಗೆ ಮಾತ್ರ ತನಗೊಪ್ಪುವ ಪದ ಒಂದೂ ಸಿಗಲಿಲ್ಲ ಎಂದು ಗೊಣಗಿದ. ರೋಗಿ ಎನ್ನೋಣವೆಂದರೆ ತನಗೆ ರೋಗವಿಲ್ಲ, ಆಶ್ರಿತ ಎಂದರೆ ತಂಗಿಯ ಎದುರು ತಲೆ ಎತ್ತುವಂತಿಲ್ಲ.

"ಇದೆಯಲ್ಲ, ಹಠಮಾರಿ," ಎಂದಳು ಆಕೆ.

ತಮಾಷೆಗೆ ಅಂದದ್ದು. ಆದರೆ ಅಜ್ಜ ವಾಪಸ್ಸು ಬಂದ ಪತ್ರವನ್ನು ತಿರುವಿ ಅದರ ಬೆನ್ನ ಮೇಲೆ ಆ ಪದವನ್ನು ಬರೆದುಕೊಂಡು, ಕಚೇರಿಯ ಗತ್ತಿನಲ್ಲಿ ಕೇಳಿದ. "ಅರ್ಥ ಹೇಳು."

ಆಕೆ ಒಂದು ಕ್ಷಣ ಬಾಗಿಲು ಹಿಡಿದು ನಿಂತಳು.

"ಹೊರಟವರ ಕಾಲು ಹೊಸಿಲು ದಾಟದ ಹಾಗೆ ಮಾಡೋನು."

ಅಜ್ಜ ಒಂದಕ್ಷರವೂ ಬಿಡದೆ ಅದನ್ನು ಬರೆದು ಮುಗಿಸಿ ತಲೆಯೆತ್ತುವಷ್ಟರಲ್ಲಿ ಆಕೆ ಬೀದಿಯ ತಿರುವಿನಲ್ಲಿದ್ದಳು.